ನೂರಕ್ಕೆ ನೂರು ಸರಿ, ಎಷ್ಟು ಬಿಂದಿಗೆ?

ಸರ್ಕಾರಿ ಯೋಜನೆಗಳ ಮೌಲ್ಯಮಾಪನ ನನ್ನ ಕೆಲಸ. ಎಷ್ಟು ಖರ್ಚಾಯಿತು ಅಂತ ಎಲ್ಲರೂ ಕೇಳುತ್ತಾರೆ, ಜನರಿಗೆ ಏನು ಸಿಕ್ಕಿತು ಅಂತ ನಾವು ನೋಡಬೇಕು. ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಊರಿಗೆ ಜಲ ಜೀವನ್ ಮಿಷನ್ ನಲ್ಲಿಗಳನ್ನು ನೋಡಲು ಹೋಗಿದ್ದೆ. ನಮ್ಮಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಅಂತ ಹೆಸರು.

ಮೊದಲು ಕೈಗೆ ಬಂದದ್ದು ಕೆಡಿಪಿ ಸಭೆಯ, ಅಂದರೆ ಸರ್ಕಾರಿ ಯೋಜನೆಗಳ ಪ್ರಗತಿ ನೋಡುವ ಸಭೆಯ ಹಾಳೆ. ಭೌತಿಕ ಗುರಿ, ಭೌತಿಕ ಸಾಧನೆ, ಆರ್ಥಿಕ ಗುರಿ, ಆರ್ಥಿಕ ಸಾಧನೆ. ಆ ಊರಿನ ಮುಂದೆ ಶೇ. 100. ಸುಳ್ಳೇನಲ್ಲ. ಪ್ರತಿ ಮನೆ ಮುಂದೆಯೂ ನಲ್ಲಿ ಇತ್ತು.

ಆದರೆ 2019ರಲ್ಲಿ ಶುರುವಾದ ಈ ಯೋಜನೆ ಬರೀ ನಲ್ಲಿ ಲೆಕ್ಕ ಹಾಕಿ ಅನ್ನಲಿಲ್ಲ. ಒಬ್ಬರಿಗೆ ದಿನಕ್ಕೆ 55 ಲೀಟರ್ ಬರಬೇಕು, ಕುಡಿಯುವ ಹಾಗಿರಬೇಕು, ತಪ್ಪದೆ ಬರುತ್ತಿರಬೇಕು. ಆಗ ಮಾತ್ರ ಅದು ಕೆಲಸ ಮಾಡುವ ನಲ್ಲಿ.

ಮೊದಲ ದಿನ ನಾನೇ ಎಡವಿದೆ. ಮನೆ ಮನೆಗೂ ಹೋಗಿ “ನೀರು ಬರುತ್ತಾ ಅಮ್ಮಾ?” ಅಂತ ಕೇಳಿದೆ. ಸಂಜೆಗೆ ಫಾರಂ ತುಂಬಾ ‘ಹೌದು’. ಕೊನೆ ಬೀದಿಯ ಅಜ್ಜಿಯೊಬ್ಬರು ನಕ್ಕರು. “ಬತ್ತದೆ ಅಂದೆ ಕಣಪ್ಪ. ತುಂಬ್ತದೆ ಅಂದ್ನಾ?”

ಮರುದಿನ ಒಂದು ಪ್ಲಾಸ್ಟಿಕ್ ಬಿಂದಿಗೆಗೆ 15 ಲೀಟರಿನ ಗುರುತು ಹಾಕಿಕೊಂಡು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಹೊರಟೆವು. ಐದು ಜನರ ಮನೆಗೆ ದಿನಕ್ಕೆ 275 ಲೀಟರ್, ಅಂದರೆ ಹದಿನೆಂಟು ಬಿಂದಿಗೆಗಿಂತ ತುಸು ಜಾಸ್ತಿ. ಟ್ಯಾಂಕ್ ಹತ್ತಿರದ ಮನೆಯಲ್ಲಿ ಬಿಂದಿಗೆ ಒಂದೂವರೆ ನಿಮಿಷಕ್ಕೆ ತುಂಬಿತು. ಅಜ್ಜಿ ಮನೆಯಲ್ಲಿ ಆರು ನಿಮಿಷ. ನೀರು ಬಿಡುವುದು ದಿನ ಬಿಟ್ಟು ದಿನ, ಒಂದು ಗಂಟೆ. ಲೆಕ್ಕ ಹಾಕಿ: ಹತ್ತು ಬಿಂದಿಗೆ, ಎರಡು ದಿನಕ್ಕೆ, ಐದು ಜನಕ್ಕೆ. ತಲೆಗೆ ದಿನಕ್ಕೆ 15 ಲೀಟರ್! ಟ್ಯಾಂಕ್ ಹತ್ತಿರದ ಮೇಲಿನ ಬೀದಿಯಲ್ಲಿ ಸಂಪು ತುಂಬಿ ಚರಂಡಿಗೆ ಹರಿಯುತ್ತಿತ್ತು. ಎರಡೂ ಬೀದಿ ಸೇರಿಸಿ ಸರಾಸರಿ ತೆಗೆದರೆ ಅಜ್ಜಿ ಮನೆಯ ಬರ ಕಾಣುವುದೇ ಇಲ್ಲ.

ಇನ್ನೊಂದು ಪ್ರಶ್ನೆ ಸೇರಿಸಿದೆವು: “ಕುಡಿಯೋಕೆ ಎಲ್ಲಿಂದ ತರ್ತೀರಿ?” ಹೆಚ್ಚಿನವರು ಶುದ್ಧ ನೀರಿನ ಘಟಕದ ಕಡೆ ಕೈ ತೋರಿಸಿದರು. ನಲ್ಲಿಗೆ ಬರುವ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದೆ ಅಂತ ಅವರಿಗೆ ಗೊತ್ತು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಮನೆ ಮುಂದಿನ ನಲ್ಲಿ ಪಾತ್ರೆ ತೊಳೆಯೋಕೆ ಅಷ್ಟೆ.

ಇಷ್ಟು ಫಲಿತಾಂಶದ ಅಳತೆ ಆಯಿತು. ನಿರ್ವಹಣೆ ಹೇಗಿದೆ ಅಂತ ಅಳೆಯೋದು ಹೇಗೆ? ನಾನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿದೆ: “ಕಳೆದ ವಾರ ಯಾವ ಬೀದಿಗೆ ನೀರು ಸರಿಯಾಗಿ ಹೋಗಿಲ್ಲ ಮೇಡಂ?” ಅವರು ಊರಿಗೆ ನೀರು ಬಿಡುವ ನೀರುಗಂಟಿಗೆ ಫೋನ್ ಹಚ್ಚಿದರು. ಆತ ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದ, ಯಾವ ಬೀದಿ, ಯಾವ ದಿನ, ತ್ರೀ ಫೇಸ್ ಕರೆಂಟ್ ಎಷ್ಟು ಹೊತ್ತಿಗೆ ಹೋಯಿತು, ಎಲ್ಲಾ. ಆದರೆ ಅದನ್ನು ಬರೆಯೋಕೆ ಯಾವ ನಮೂನೆಯಲ್ಲೂ ಕಾಲಂ ಇರಲಿಲ್ಲ. ಮೇಡಂ ತಪ್ಪು ಅನ್ನಲಾರೆ. ಆಗ ನರೇಗಾ, ಇ-ಸ್ವತ್ತು, ಕಂದಾಯ ಎಲ್ಲವೂ ಅವರ ತಲೆ ಮೇಲೇ ಇತ್ತು.

ಅಂದಿನಿಂದ ಯಾವ ಯೋಜನೆ ನೋಡಿದರೂ ಒಂದು ಕೆಟ್ಟ ಸುದ್ದಿ ಆರಿಸಿಕೊಳ್ಳುತ್ತೇನೆ. ಅದು ಯಾರಿಗೆ ಮೊದಲು ಗೊತ್ತಾಯಿತು, ಸರಿ ಮಾಡಬಲ್ಲವರ ಕಿವಿಗೆ ಎಷ್ಟು ದಿನಕ್ಕೆ ಬಿತ್ತು, ಆಮೇಲೆ ಏನಾಯಿತು. ಈ ಊರಲ್ಲಿ ಅದು ನೀರುಗಂಟಿಯ ತಲೆಯಲ್ಲೇ ಕೂತಿತ್ತು.

ವರದಿ ಕೊಡುವಾಗ ಮೇಲಿನವರು “ಒಂದೇ ಅಂಕಿ ಕೊಡಿ, ಸಭೆಗೆ ಬೇಕು” ಅಂದರು. ನಾವು ಎರಡು ಕೊಟ್ಟೆವು, ಮೇಲಿನ ಬೀದಿಯದ್ದು ಒಂದು, ಕೊನೆ ಬೀದಿಯದ್ದು ಒಂದು. ಸಭೆಯಲ್ಲಿ ಯಾವುದನ್ನು ಓದಿದರೋ. ನೀರುಗಂಟಿ ಮಾತ್ರ ನಾವು ಊರಿಂದ ಹೊರಡುವ ದಿನವೇ ನಮ್ಮ ಅಳತೆ ಹಾಳೆಯ ಫೋಟೊ ಹೊಡೆದುಕೊಂಡಿದ್ದ. “ನಾಳೆಯಿಂದ ಮೇಲಿನ ವಾಲ್ವ್ ಅರ್ಧ ಮುಚ್ಚಿ, ಕೊನೆ ಬೀದಿಗೆ ಮೊದಲು ಬಿಟ್ಟು ನೋಡ್ತೀನಿ ಸಾರ್” ಅಂದ.