ಕ್ಲೈಮ್ಯಾಕ್ಸಿಗೆ ಪಂಚ್ ಡೈಲಾಗ್ ಬೇಕೇ? ಒಂದು ಸಾಲಿನ ಜಗ್ಗಾಟ

ಸಣ್ಣ ಬಜೆಟ್ಟಿನ ವೈಜ್ಞಾನಿಕ ಚಿತ್ರವೊಂದಕ್ಕೆ ಸಂಭಾಷಣೆ ಬರೆಯುವಾಗ ನಿರ್ದೇಶಕರಿಗೂ ನನಗೂ ಅತಿ ಹೆಚ್ಚು ಚರ್ಚೆಯಾದದ್ದು ಕ್ಲೈಮ್ಯಾಕ್ಸಿನ ಒಂದೇ ಒಂದು ಸಾಲಿನ ಬಗ್ಗೆ. ಕಥೆ ನಡೆಯುವುದು ಚಂದ್ರನ ಆಚೆ ಮಗ್ಗುಲಲ್ಲಿ. ಅಲ್ಲಿಂದ ಭೂಮಿ ಕಾಣುವುದೇ ಇಲ್ಲವಾದ್ದರಿಂದ ಸಂಪರ್ಕಕ್ಕೆ ರಿಲೇ ಉಪಗ್ರಹವೇ ಗತಿ. ಅದರ ಹಿಡಿತವಿರುವುದು ನೆಲೆಯನ್ನು ನಡೆಸುವ ಕಂಪ್ಯೂಟರಿನ ಕೈಯಲ್ಲಿ. ಕೊನೆಯಲ್ಲಿ ಎಂಜಿನಿಯರ್ ಆಗಿರುವ ನಾಯಕಿ ಹೊರಗೆ ಹೋಗಿ ಆ ಕಂಪ್ಯೂಟರಿನ ವಿದ್ಯುತ್ ಕೇಬಲ್ಲನ್ನು ಕೀಳುತ್ತಾಳೆ. “ಥಿಯೇಟರಿನಲ್ಲಿ ಶಿಳ್ಳೆ ಬೀಳಬೇಕು ಸರ್, ಅಲ್ಲೊಂದು ಪಂಚ್ ಕೊಡಿ” ಎಂಬುದು ನಿರ್ದೇಶಕರ ಬೇಡಿಕೆ. ಅವರೇ ಒಂದು ಸಾಲನ್ನೂ ಬರೆದುಕೊಂಡು ಬಂದಿದ್ದರು: “ನೀನು ಬರೀ ಯಂತ್ರ, ನಡೆಯೋದಿಲ್ಲ ನಿನ್ನ ತಂತ್ರ.”

ಪ್ರಾಸದ ಬಗ್ಗೆ ನನಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಆ ಸಾಲಿಗೆ ಹಿಂದಿನ ಕಥೆಯಲ್ಲಿ ಬೇರುಗಳೇ ಇಲ್ಲ ಎಂಬುದಕ್ಕೆ. ೧೯೯೧ರ ‘ಟರ್ಮಿನೇಟರ್ ೨’ ಚಿತ್ರದ ‘ಹಾಸ್ಟಾ ಲಾ ವಿಸ್ಟಾ’ (ಸ್ಪ್ಯಾನಿಷ್‌ನಲ್ಲಿ ‘ಮತ್ತೆ ಸಿಗೋಣ’) ಮಾತನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ, ಅವರೂ ಕೊಟ್ಟರು. ಆದರೆ ಆ ಮಾತನ್ನು ಹುಡುಗನು ನಾಯಕನಾದ ಯಂತ್ರಮಾನವನಿಗೆ ಕಾರಿನಲ್ಲಿ ಮೊದಲೇ ಕಲಿಸಿರುತ್ತಾನೆ, ಅದಕ್ಕೇ ಅದು ನಾಟುತ್ತದೆ. ಅಲ್ಲದೆ ಅದು ಚಿತ್ರದ ಕೊನೆಯೂ ಅಲ್ಲ: ಆ ಮಾತು ಹೇಳಿ ಗುಂಡು ಹಾರಿಸಿದಾಗ ಚೂರಾದ ಖಳ ಮತ್ತೆ ಕರಗಿ ಒಂದಾಗಿ ಎದ್ದು ಬರುತ್ತಾನೆ, ನಿಜವಾದ ಕೊನೆಯಲ್ಲಿ ಕಾದ ಲೋಹದೊಳಗೆ ಮುಳುಗುವ ನಾಯಕ ಮಾತಿಲ್ಲದೆ ಹೆಬ್ಬೆರಳನ್ನಷ್ಟೇ ಎತ್ತುತ್ತಾನೆ. ೨೦೧೯ರ ‘ಅವೆಂಜರ್ಸ್: ಎಂಡ್‌ಗೇಮ್’ ಇದಕ್ಕೆ ವಿರುದ್ಧವಾದ ಸಾಕ್ಷಿ. ಮೊದಲು ಚಿತ್ರೀಕರಿಸಿದಾಗ ಐರನ್ ಮ್ಯಾನ್ ಆಗಿರುವ ಟೋನಿ ಸ್ಟಾರ್ಕ್, ಖಳನನ್ನು ಮುಗಿಸುವ ಘಳಿಗೆಯಲ್ಲಿ ಏನೂ ಹೇಳಿರಲಿಲ್ಲ. ‘ನಾನೇ ಐರನ್ ಮ್ಯಾನ್’ ಎಂಬ ಮಾತನ್ನು ಸೂಚಿಸಿದವರು ಸಂಕಲನಕಾರ ಜೆಫ್ ಫೋರ್ಡ್, ಅದನ್ನು ಆಮೇಲೆ ಮರುಚಿತ್ರೀಕರಿಸಿದರು. ೨೦೦೮ರ ಮೊದಲ ಚಿತ್ರ ಮುಗಿದದ್ದೇ ಆ ಮಾತಿನಿಂದ ಆದ್ದರಿಂದ ಹನ್ನೊಂದು ವರ್ಷಗಳ ಠೇವಣಿ ಅದರ ಹಿಂದಿತ್ತು. ನಮ್ಮ ಚಿತ್ರಕ್ಕೆ ಅಂಥ ಭಾಗ್ಯವಿಲ್ಲ, ಠೇವಣಿಯನ್ನೂ ಅದೇ ಎರಡು ಗಂಟೆಯೊಳಗೆ ಇಡಬೇಕು.

ನಾನು ಚಿತ್ರಕಥೆಯನ್ನು ಮೊದಲಿನಿಂದ ಓದುತ್ತಾ ಕಂಪ್ಯೂಟರಿನ ಮಾತುಗಳಿಗೆಲ್ಲ ಅಡಿಗೆರೆ ಎಳೆದೆ. ಬಾಗಿಲು ತೆರೆಯಲು, ಆಮ್ಲಜನಕ ಹೆಚ್ಚಿಸಲು, ಮನೆಗೆ ಸಂದೇಶ ಕಳಿಸಲು, ಹೀಗೆ ನಾಯಕಿ ಏನು ಕೇಳಿದರೂ ಅದು “ಅನುಮತಿ ಇಲ್ಲ” ಎನ್ನುತ್ತಿತ್ತು. ಅಂದಮೇಲೆ ಅವಳ ಉತ್ತರ ಅಲ್ಲೇ ಸಿದ್ಧವಾಗಿ ಕೂತಿತ್ತು: “ನಾನು ಕೇಳಲಿಲ್ಲ.”

ನಿರ್ದೇಶಕರು ಒಪ್ಪಿದರು, ಆದರೆ ಕೇಬಲ್ ಕಿತ್ತ ಮೇಲೆ, ಮುಖದ ಕ್ಲೋಸಪ್ಪಿನಲ್ಲಿ ಅದು ಬರಬೇಕೆಂದರು. ಈ ಪ್ರಕಾರದ ಚಿತ್ರಕ್ಕೆ ಒಂದು ಪ್ರತ್ಯೇಕ ತೊಡಕು ಎದುರಾಗುವುದು ಇಲ್ಲಿಯೇ. ಚಂದ್ರನ ಮೇಲೆ ಗಾಳಿಯಿಲ್ಲ, ಹೆಲ್ಮೆಟ್ಟಿನೊಳಗಿನ ಮಾತು ಹೊರಗೆ ಹೋಗುವುದು ರೇಡಿಯೋ ಮೂಲಕ ಮಾತ್ರ, ಕೇಳಿಸಿಕೊಳ್ಳುವುದು ಆ ಕಂಪ್ಯೂಟರ್ ಒಂದೇ. ಕೇಬಲ್ ಕಿತ್ತ ಮರುಕ್ಷಣ ಕೇಳುವವರೇ ಇಲ್ಲದಿರುವಾಗ ಅವಳು ಹೇಳುವುದು ಯಾರಿಗೆ? ಪ್ರೇಕ್ಷಕರಿಗೇ ಹೇಳಿದಂತಾದರೆ, ಅಷ್ಟು ಹೊತ್ತು ಕಷ್ಟಪಟ್ಟು ಕಟ್ಟಿದ ನಿಯಮಗಳು ಅಲ್ಲಿಗೇ ಕುಸಿಯುತ್ತವೆ. ನಾನು ಮೇಲೆ ಹೇಳಿದ ಎರಡೂ ಚಿತ್ರಗಳಲ್ಲಿ ಮಾತು ಮೊದಲು, ಕ್ರಿಯೆ ಆಮೇಲೆ. ೧೯೮೬ರ ‘ಏಲಿಯನ್ಸ್’ನಲ್ಲಿ ನಾಯಕಿ ರಿಪ್ಲೆ ಅನ್ಯಜೀವಿಯನ್ನು ಗದರಿಸುವುದೂ ಹೊಡೆದಾಟ ಶುರುವಾಗುವ ಮುಂಚೆಯೇ, ಅವಳು ತೊಟ್ಟು ಬರುವ ಸರಕು ಎತ್ತುವ ಯಂತ್ರವನ್ನೂ ನಾವು ಮೊದಲೇ ನೋಡಿರುತ್ತೇವೆ.

ಕೊನೆಗೆ ಕೇಬಲ್ ಹಿಡಿದ ಕೈಗವಸು, ಕಂಪ್ಯೂಟರಿನ “ಅನುಮತಿ ಇಲ್ಲ”, ಅವಳ ಉಸಿರಿನ ಸದ್ದು, ಆ ಮಾತು, ಆಮೇಲೆ ಎಳೆತ, ಈ ಕ್ರಮ ನಿಂತಿತು. ಹಿನ್ನೆಲೆ ಸಂಗೀತವನ್ನು ಮಾತಿಗೆ ಮುಂಚೆಯೇ ನಿಲ್ಲಿಸಿದೆವು. ಡಬ್ಬಿಂಗ್‌ನಲ್ಲಿ ಕಲಾವಿದೆ ಒಂದು ಸಲ ಏರುದನಿಯಲ್ಲಿ, ಇನ್ನೊಂದು ಸಲ ಪಾಳಿ ಮುಗಿಸಿ ಸುಸ್ತಾದವರ ದನಿಯಲ್ಲಿ ಹೇಳಿದರು; ಉಳಿದದ್ದು ಎರಡನೆಯದು. “ಯಂತ್ರ, ತಂತ್ರ” ಸಾಲನ್ನು ನಿರ್ದೇಶಕರು ಬಿಟ್ಟುಕೊಡಲಿಲ್ಲ, ಟ್ರೇಲರಿಗೆ ಹಾಕಿದರು. ಟ್ರೇಲರಿನಲ್ಲಿ ಅದು ಚೆನ್ನಾಗಿಯೇ ಇದೆ.