ಲಿಖಿತ ಹೇಳಿಕೆಗೆ ಕಾಲಾವಕಾಶ ಕೇಳಿದ ನನ್ನ ಅನುಭವ

ಆ ಕಕ್ಷಿದಾರರು ನನ್ನ ಕಚೇರಿಗೆ ಬಂದದ್ದು ಆಗಸ್ಟ್ 20ರಂದು. ಅಣ್ಣತಮ್ಮಂದಿರ ನಡುವಿನ ಪಾಲಿನ ದಾವೆಯಲ್ಲಿ ಅವರು ಪ್ರತಿವಾದಿ. ಜುಲೈ 18ರಂದು ಮಗ ಬೇರೊಬ್ಬ ವಕೀಲರ ಮೂಲಕ ತಂದೆಯ ಸಹಿಯ ವಕಾಲತ್ತು ಹಾಕಿಸಿದ್ದ; ನ್ಯಾಯಾಲಯ ಲಿಖಿತ ಹೇಳಿಕೆಗಾಗಿ, ಅಂದರೆ ದಾವೆಗೆ ಪ್ರತಿವಾದಿ ಬರಹದಲ್ಲಿ ಕೊಡುವ ಉತ್ತರಕ್ಕಾಗಿ, ಪ್ರಕರಣವನ್ನು ಮುಂದೂಡಿ ಸೆಪ್ಟೆಂಬರ್ 16ಕ್ಕೆ ಮುದ್ದತು ಕೊಟ್ಟಿತ್ತು. ಆ ವಕೀಲರ ಒಪ್ಪಿಗೆ ಪಡೆದು ಕಡತ ನನ್ನ ಕೈಗೆ ಬಂದಾಗ, ಇನ್ನೂ ಒಂದು ತಿಂಗಳಿದೆ ಎಂಬ ನೆಮ್ಮದಿಯಲ್ಲಿ ತಂದೆ ಮಗ ಇಬ್ಬರೂ ಇದ್ದರು.

ಮುದ್ದತಿನ ದಿನಾಂಕವೇ ಬೇರೆ, ಕಾನೂನಿನ ಗಡುವೇ ಬೇರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 1ನೇ ನಿಯಮದ ಪ್ರಕಾರ ಸಮನ್ಸ್ ಜಾರಿಯಾದ ದಿನದಿಂದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣಗಳನ್ನು ಬರಹದಲ್ಲಿ ದಾಖಲಿಸಿ ನ್ಯಾಯಾಲಯ ಅದನ್ನು ವಿಸ್ತರಿಸಬಹುದು, ಆದರೆ ಒಟ್ಟು 90 ದಿನಗಳನ್ನು ಮೀರುವಂತಿಲ್ಲ. ಈ ಮಿತಿ ಕಡ್ಡಾಯವಲ್ಲ, ನಿರ್ದೇಶನಾತ್ಮಕ (ತಕ್ಕ ಕಾರಣವಿದ್ದರೆ ಸಡಿಲಿಸಬಹುದಾದದ್ದು) ಎಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಕೈಲಾಶ್ ವಿರುದ್ಧ ನನ್ಕೂ ಪ್ರಕರಣದಲ್ಲಿ ಹೇಳಿದ್ದು ನಿಜ. ಆದರೆ 90 ದಿನ ದಾಟಿದವನಿಗೆ ಸಿಗುವ ಅವಕಾಶ ಅಪರೂಪದ್ದು, ಅಸಾಧಾರಣ ಕಷ್ಟವನ್ನು ತೋರಿಸಿದರೆ ಮಾತ್ರ ಸಿಗುವಂಥದ್ದು ಎಂದೂ ಅದೇ ತೀರ್ಪು ಹೇಳುತ್ತದೆ. ತೀರ್ಪಿನ ಮೊದಲರ್ಧವನ್ನಷ್ಟೇ ನೆನಪಿಟ್ಟುಕೊಂಡು ಕಾಲ ಕಳೆಯುವವರನ್ನು ನಾನು ಬಹಳ ಕಂಡಿದ್ದೇನೆ. ವಾಣಿಜ್ಯ ನ್ಯಾಯಾಲಯಗಳ ವ್ಯಾಪ್ತಿಗೆ ಬರುವ ದಾವೆಗಳಲ್ಲಂತೂ 120 ದಿನಗಳಾದ ಮೇಲೆ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕೇ ಉಳಿಯುವುದಿಲ್ಲ. ಅಲ್ಲಿ ಯಾವ ಕಾರಣವೂ ನಡೆಯದು.

ಆದ್ದರಿಂದ ನಾನು ಮೊದಲು ಮಾಡಿದ್ದು ಜಾರಿಯ ದಿನಾಂಕವನ್ನು ಖಚಿತಪಡಿಸಿಕೊಳ್ಳುವ ಕೆಲಸ. ಕಕ್ಷಿದಾರರು ಜೂನ್ ಕೊನೆಯ ವಾರ ಎಂದರು, ಮಗನಿಗೂ ಸರಿಯಾಗಿ ನೆನಪಿರಲಿಲ್ಲ. ಮರುದಿನವೇ ನ್ಯಾಯಾಲಯದ ಕಡತ ಪರಿಶೀಲನೆಗೆ ಅರ್ಜಿ ಹಾಕಿ ನೋಡಿದೆ. ಮೂಲ ಸಮನ್ಸಿನ ಹಿಂಬದಿಯಲ್ಲಿ ನೀಲಿ ಶಾಯಿಯಲ್ಲಿ ಮಗನ ಸಹಿ, ಅದರ ಕೆಳಗೆ ಅವನದೇ ಅಕ್ಷರದಲ್ಲಿ 12-6 ಎಂದಿತ್ತು. ಮನೆಯಲ್ಲಿ ಜೊತೆಗೇ ವಾಸವಿರುವ ವಯಸ್ಕ ಮಗನಿಗೆ ಮಾಡಿದ ಜಾರಿಯನ್ನು ಪ್ರಶ್ನಿಸುವುದರಲ್ಲಿ ಹುರುಳಿರಲಿಲ್ಲ. ಜಾರಿಯಾದ ದಿನವನ್ನು ಬಿಟ್ಟು ಎಣಿಸಿದರೆ 30 ದಿನ ಜುಲೈ 12ಕ್ಕೆ ಮುಗಿದಿತ್ತು, 90ನೇ ದಿನ ಸೆಪ್ಟೆಂಬರ್ 10ಕ್ಕೆ ಬೀಳುತ್ತಿತ್ತು. ಮುದ್ದತಿನ ದಿನದವರೆಗೆ ಕಾದಿದ್ದರೆ ಆರು ದಿನ ತಡವಾಗುತ್ತಿತ್ತು.

ಬರೀ ಕಾಲಾವಕಾಶ ಕೇಳುವ ಅರ್ಜಿಯನ್ನು ನಾನು ಸಾಮಾನ್ಯವಾಗಿ ಹಾಕುವುದಿಲ್ಲ. ಲಿಖಿತ ಹೇಳಿಕೆಯನ್ನು ಪೂರ್ತಿ ಸಿದ್ಧಪಡಿಸಿ, ಸತ್ಯಾಪನೆಗೆ (ಬರೆದದ್ದು ನಿಜವೆಂಬ ದೃಢೀಕರಣಕ್ಕೆ) ಸಹಿ ಮಾಡಿಸಿ, ವಿಳಂಬ ಮನ್ನಿಸಿ ಇದನ್ನು ಸ್ವೀಕರಿಸಬೇಕೆಂದು ಕೇಳುವ ಮಧ್ಯಂತರ ಅರ್ಜಿಯ ಜೊತೆಗೇ ಸಲ್ಲಿಸುತ್ತೇನೆ. ಕೆಲಸ ಮುಗಿಸಿ ಬಂದವನಿಗೂ ಇನ್ನು ಮೇಲೆ ಮಾಡುತ್ತೇನೆ ಎನ್ನುವವನಿಗೂ ನ್ಯಾಯಾಧೀಶರ ಕಣ್ಣಲ್ಲಿ ಬಹಳ ವ್ಯತ್ಯಾಸವಿದೆ.

ಕಷ್ಟವಾದದ್ದು ಪ್ರಮಾಣಪತ್ರ, ಅಂದರೆ ವಿಳಂಬದ ಕಾರಣಗಳನ್ನು ಪ್ರಮಾಣ ಮಾಡಿ ಹೇಳುವ ಅಫಿಡವಿಟ್. ನನ್ನ ಕಿರಿಯ ಸಹೋದ್ಯೋಗಿ ಬರೆದ ಮೊದಲ ಕರಡಿನಲ್ಲಿ "ಅನಾರೋಗ್ಯ ಹಾಗೂ ಅನಿವಾರ್ಯ ಕಾರಣಗಳಿಂದ" ಎಂಬ ಒಂದೇ ಸಾಲಿತ್ತು. ಆ ಸಾಲನ್ನು ಹೊಡೆದುಹಾಕಿ, ಒಂದು ಹಾಳೆಯಲ್ಲಿ ಜೂನ್ 12ರಿಂದ ಪ್ರತಿ ವಾರವೂ ಏನಾಯಿತೆಂದು ತಂದೆ ಮಗನನ್ನು ಕೂರಿಸಿಕೊಂಡು ಬರೆಸಿದೆ. ತಂದೆ ಸೊಂಟದ ಮೂಳೆ ಮುರಿದು ಜೂನ್ 9ರಿಂದ ಜುಲೈ 5ರವರೆಗೆ ಆಸ್ಪತ್ರೆಯಲ್ಲಿದ್ದುದಕ್ಕೆ ಬಿಡುಗಡೆ ಪತ್ರವಿತ್ತು. ಆಮೇಲೆ ಮೂರು ವಾರ ಹಾಸಿಗೆ ಬಿಟ್ಟೇಳಬಾರದೆಂದು ವೈದ್ಯರು ಬರೆದುಕೊಟ್ಟಿದ್ದರು. ಜುಲೈ 26ರಿಂದ ಆಗಸ್ಟ್ 18ರವರೆಗಿನ ಸಾಲುಗಳು ಮಾತ್ರ ಖಾಲಿ ಉಳಿದವು. ಆ ದಿನಗಳಿಗೂ ಒಂದು ವೈದ್ಯಕೀಯ ಪ್ರಮಾಣಪತ್ರ ತಂದುಬಿಡುತ್ತೇನೆ ಎಂದು ಮಗ ಹೇಳಿದಾಗ ನಾನು ಒಪ್ಪಲಿಲ್ಲ. ಒಂದು ಸುಳ್ಳು ಕಾಗದ ಹೊರಬಿದ್ದರೆ ನಿಜವಾದ ಕಾಗದಗಳ ಮೇಲೂ ನಂಬಿಕೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಪ್ರಮಾಣ ಮಾಡಿ ಸುಳ್ಳು ಹೇಳಿಸುವುದು ವಕೀಲನ ಕೆಲಸವಲ್ಲ.

ಮತ್ತೆ ಮತ್ತೆ ಕೇಳಿದ ಮೇಲೆ ನಿಜ ಹೊರಬಂತು. ಆ ದಿನಗಳಲ್ಲಿ ಹಿರಿಯರ ಸಮ್ಮುಖದಲ್ಲಿ ರಾಜಿ ಮಾತುಕತೆ ನಡೆದಿತ್ತು; ವಾದಿಯಾದ ತಮ್ಮನೇ ಎರಡು ಸಲ ಮನೆಗೆ ಬಂದಿದ್ದರು. ಇದನ್ನು ಹೇಳಿದರೆ ಕೇಸು ದುರ್ಬಲವಾಗುತ್ತದೆಂದು ತಂದೆ ಮಗ ಮುಚ್ಚಿಟ್ಟಿದ್ದರು. ಮಾತುಕತೆಯಲ್ಲಿ ಯಾರು ಏನು ಬಿಟ್ಟುಕೊಡಲು ಒಪ್ಪಿದ್ದರೆಂಬುದನ್ನು ಬರೆಯದೆ, ಸೇರಿದ ದಿನಾಂಕಗಳನ್ನೂ ಆಗಸ್ಟ್ 18ರಂದು ಮಾತು ಮುರಿದುಬಿತ್ತೆಂಬುದನ್ನೂ ಮಾತ್ರ ಪ್ರಮಾಣಪತ್ರದಲ್ಲಿ ಸೇರಿಸಿದೆ. ದಾವೆ ಬಾಕಿಯಿರುವಾಗ ರಾಜಿಗೆ ಕೂತರೂ ಲಿಖಿತ ಹೇಳಿಕೆಯ ಅವಧಿ ನಿಲ್ಲುವುದಿಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ ಎಂದೂ ನೇರವಾಗಿಯೇ ಬರೆದೆ.

ಸೆಪ್ಟೆಂಬರ್ 2ರಂದು, ಅಂದರೆ 82ನೇ ದಿನ, ಲಿಖಿತ ಹೇಳಿಕೆ, ಮಧ್ಯಂತರ ಅರ್ಜಿ ಮತ್ತು ಪ್ರಕರಣವನ್ನು ಮುದ್ದತಿಗೆ ಮೊದಲೇ ತೆಗೆದುಕೊಳ್ಳಬೇಕೆಂಬ ಇನ್ನೊಂದು ಅರ್ಜಿ, ಮೂರನ್ನೂ ಒಟ್ಟಿಗೆ ಸಲ್ಲಿಸಿದೆ. ಎದುರು ವಕೀಲರು ಇದು ಬೇಕೆಂದೇ ಮಾಡಿದ ವಿಳಂಬವೆಂದು ತಕರಾರು ಹಾಕಿದರು. ರಾಜಿ ಮಾತುಕತೆ ನಡೆದದ್ದು ಸುಳ್ಳೇ ಎಂದು ನ್ಯಾಯಾಧೀಶರು ಕೇಳಿದಾಗ, ಆ ವಕೀಲರು ಹಿಂದೆ ಕೂತಿದ್ದ ತಮ್ಮ ಕಕ್ಷಿದಾರರನ್ನು ಒಮ್ಮೆ ತಿರುಗಿ ನೋಡಿ, ಅದನ್ನು ಅಲ್ಲಗಳೆಯುವುದಿಲ್ಲ ಎಂದರು. ಅವರು ಹಾಗೆ ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ನನಗೆ ಇಂದಿಗೂ ಗೌರವವಿದೆ. 1,000 ರೂಪಾಯಿ ಖರ್ಚಿನ ಷರತ್ತಿನ ಮೇಲೆ ಅರ್ಜಿ ಮಂಜೂರಾಯಿತು.

ಮೇಲ್ಮನವಿಯ ವಿಳಂಬಕ್ಕೆ ಪರಿಮಿತಿ ಅಧಿನಿಯಮದ (ದಾವೆ, ಮೇಲ್ಮನವಿಗಳ ಕಾಲಮಿತಿಯ ಕಾನೂನಿನ) 5ನೇ ಕಲಮಿನಡಿ ಅರ್ಜಿ ಹಾಕುವಾಗಲೂ ನಾನು ಇದೇ ರೀತಿಯ ದಿನಾಂಕಗಳ ಹಾಳೆಯನ್ನು ಮೊದಲು ತಯಾರಿಸುತ್ತೇನೆ. ಅಲ್ಲಿ ಒಂದು ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ತೀರ್ಪು ಮತ್ತು ಡಿಕ್ರಿಯ (ತೀರ್ಪಿನ ಮೇಲೆ ಹೊರಡುವ ವಿಧ್ಯುಕ್ತ ಆದೇಶದ) ನಕಲು ಪಡೆಯಲು ಬೇಕಾದ ಕಾಲವನ್ನು 12ನೇ ಕಲಮು ಲೆಕ್ಕದಿಂದ ಬಿಟ್ಟುಕೊಡುತ್ತದೆ. ಆದರೆ ಆ ಕಾಲ ನಕಲು ಸಿದ್ಧವಾದ ದಿನಕ್ಕೆ ಮುಗಿಯುತ್ತದೆಯೇ ಹೊರತು ನಾವು ಹೋಗಿ ತಂದ ದಿನಕ್ಕಲ್ಲ. ವೃತ್ತಿಯ ಆರಂಭದಲ್ಲಿ ನಾನು ಇದನ್ನು ತಪ್ಪಾಗಿ ಎಣಿಸಿ, 30 ದಿನಗಳ ಅವಧಿಯ ಮೇಲ್ಮನವಿಯೊಂದನ್ನು ನಾಲ್ಕು ದಿನ ತಡವಾಗಿ ಸಲ್ಲಿಸಿದ್ದೆ. ತಪ್ಪು ವಕೀಲನದೆಂದು ನನ್ನ ಹೆಸರಿನಲ್ಲೇ ಪ್ರಮಾಣಪತ್ರ ಹಾಕಿದೆ. ವಿಳಂಬ ಮನ್ನಾ ಆಯಿತು. ಅಂದಿನಿಂದ ನಕಲಿನ ಹಿಂದಿನ ಮೊಹರಿನಲ್ಲಿರುವ ದಿನಾಂಕಗಳನ್ನು ಗುಮಾಸ್ತರಿಗೆ ಬಿಡದೆ ನಾನೇ ಓದಿ ಕಡತದ ಮೇಲೆ ಬರೆದುಕೊಳ್ಳುತ್ತೇನೆ.