ಮ್ಯಾಕ್ರೋ ಲೆನ್ಸ್ ಕೊಳ್ಳುವವರಿಗೆ

ಲೆನ್ಸಿನ ಮೇಲೆ 'ಮ್ಯಾಕ್ರೋ' (ಸಣ್ಣ ವಸ್ತುಗಳನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಎಂದು ಬರೆದಿದ್ದರೆ ಸಾಲದು, 1:1 ವರ್ಧನೆ ಇದೆಯೇ ನೋಡಿ. ಅಂದರೆ 36 ಮಿ.ಮೀ. ಉದ್ದದ ಹುಳು ಫುಲ್ ಫ್ರೇಮ್ ಕ್ಯಾಮೆರಾದ (ಚಿತ್ರ ಮೂಡುವ ಸೆನ್ಸರ್ 36 ಮಿ.ಮೀ. ಅಗಲವಿರುವ ಕ್ಯಾಮೆರಾ) ಚಿತ್ರವನ್ನು ಅಂಚಿನಿಂದ ಅಂಚಿಗೆ ತುಂಬಬೇಕು.

ಹೂವು, ನಾಣ್ಯಗಳಿಗೆ 60 ಮಿ.ಮೀ. ನಾಭಿದೂರದ (ಫೋಕಲ್ ಲೆಂಗ್ತ್) ಲೆನ್ಸ್ ಸಾಕು. ಚಿಟ್ಟೆ, ಜೇಡಗಳ ಹುಚ್ಚಿದ್ದರೆ ದಯವಿಟ್ಟು 90 ಅಥವಾ 100ಕ್ಕೇ ಹೋಗಿ. ಆ ಲೆನ್ಸುಗಳಲ್ಲೂ ಕನಿಷ್ಠ ಫೋಕಸ್ ದೂರ ಸುಮಾರು 30 ಸೆಂ.ಮೀ. ಎಂದಿದ್ದರೆ ಅದು ಸೆನ್ಸರ್‌ನಿಂದ ಅಳೆದದ್ದು. ಲೆನ್ಸಿನ ತುದಿಯಿಂದ ಹುಳುವಿಗೆ ಉಳಿಯುವುದು ಒಂದು ಗೇಣಿಗಿಂತಲೂ ಕಡಿಮೆ. 60ರಲ್ಲಿ ಇನ್ನೂ ಹತ್ತಿರ ಹೋಗಬೇಕು. ಲೆನ್ಸಿನ ನೆರಳು ಎಲೆಯ ಮೇಲೆ ಬಿದ್ದರೆ ಚಿಟ್ಟೆ ಕೂತಿರುವುದಿಲ್ಲ.

ಹಣ ಸಾಲದಿದ್ದರೆ ಇರುವ 50 ಮಿ.ಮೀ. ಲೆನ್ಸಿಗೇ ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಕೂರಿಸುವ ಟೊಳ್ಳು ಕೊಳವೆ) ಹಾಕಿ. ಅದರೊಳಗೆ ಗಾಜಿಲ್ಲ, ಬೆಲೆಯೂ ಕಡಿಮೆ. ದೂರದ ವಸ್ತುಗಳಿಗೆ ಮಾತ್ರ ಫೋಕಸ್ ಆಗುವುದಿಲ್ಲ.